ಬಣ್ಣ ಹೇಳಿದವರು

ಮಳವಳ್ಳಿ, ಮದ್ದೂರು ಕಡೆಯ ಹಳೆಯ ತೊಟ್ಟಿಮನೆಗಳಿಗೆ ಹೋದರೆ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಬಾಗಿಲ ಮೇಲುಗಡೆ ತುಸು ಮುಂದಕ್ಕೆ ಬಾಗಿಸಿ ಹಾಕಿದ ಪಟಗಳ ಸಾಲು. ನಡುವೆ ಲಕ್ಷ್ಮಿಯೋ ಮಾದಪ್ಪನೋ, ಪಕ್ಕದಲ್ಲಿ ಮಹಾರಾಜ ನಾಲ್ವಡಿಯವರು, ಕೆಲವು ಮನೆಗಳಲ್ಲಿ ವಿಶ್ವೇಶ್ವರಯ್ಯನವರು, ಆಮೇಲೆ ಮನೆಯ ಹಿರೀಕರು. ಹಿರೀಕರ ಪಟಗಳಲ್ಲಿ ಒಂದೋ ಎರಡೋ ಬಣ್ಣದವು ಇರುತ್ತವೆ. ಕಪ್ಪುಬಿಳುಪು ಫೋಟೋಗೆ ಯಾರೋ ದಿನಗಟ್ಟಲೆ ಕೂತು ಹಚ್ಚಿದ ಬಣ್ಣ: ಕೆನ್ನೆಗೆ ತಿಳಿಗುಲಾಬಿ, ಸೀರೆಗೆ ಹಸಿರು, ಓಲೆಗೆ ಹಳದಿ ಚುಕ್ಕೆ.

ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಗಿ, 1939ರಲ್ಲಿ ಮಂಡ್ಯ ಜಿಲ್ಲೆಯೇ ಆದಮೇಲೆ ಈ ಸೀಮೆಯಲ್ಲಿ ಕಬ್ಬಿನ ದುಡ್ಡು ಓಡಾಡತೊಡಗಿತು. ಮದುವೆಯಾದವರು ಪೇಟೆಗೆ ಹೋಗಿ ಫೋಟೋ ಹಿಡಿಸುವುದು, ಕೈ ಇನ್ನೂ ಸಡಿಲವಾಗಿದ್ದರೆ ಅದಕ್ಕೆ ಬಣ್ಣ ಹಾಕಿಸುವುದು ಬಂತು.

ಹುಡುಗನಾಗಿದ್ದಾಗ ಮಂಡ್ಯದ ಒಂದು ಸ್ಟುಡಿಯೋದಲ್ಲಿ ಆ ಕೆಲಸ ನೋಡಿದ್ದೇನೆ. ವಯಸ್ಸಾದ ಕಲಾವಿದರು ಕಿಟಕಿಯ ಬಳಿ ಕೂತಿರುತ್ತಿದ್ದರು. ಬಣ್ಣ ಹಾಕುವ ಫೋಟೋವನ್ನು ಮಾಮೂಲಿಗಿಂತ ತಿಳಿಯಾಗಿ, ಮಿರುಗದ ಮ್ಯಾಟ್ ಕಾಗದದ ಮೇಲೆ ಪ್ರಿಂಟು ಹಾಕುತ್ತಿದ್ದರು. ನುಣುಪು ಕಾಗದದಲ್ಲಿ ಬಣ್ಣ ನಿಲ್ಲುವುದಿಲ್ಲ. ಎಣ್ಣೆಬಣ್ಣವನ್ನು ಸಾಸಿವೆಯಷ್ಟು ತೆಗೆದು ಹತ್ತಿಯಿಂದ ಕೆನ್ನೆಯ ಮೇಲೆ ಇಟ್ಟು ಉಜ್ಜುವರು, ಉಜ್ಜಿ ಉಜ್ಜಿ ಬಣ್ಣವಿದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿಸುವರು. ತುಟಿ, ಬಳೆ, ಸೀರೆಯಂಚಿನಂಥ ಸಣ್ಣ ಜಾಗಕ್ಕೆ ಕಡ್ಡಿಯ ತುದಿಗೆ ಸುತ್ತಿದ ಹತ್ತಿ. ಗೆರೆ ದಾಟಿದರೆ ಟರ್ಪೆಂಟೈನ್ ಹಚ್ಚಿ ಒರೆಸುವುದು. ಮುಡಿದ ಮಲ್ಲಿಗೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಕಾಗದದ ಬಿಳುಪೇ ಹೂವಿನ ಬಿಳುಪು. ಕುಂಕುಮ ಕೊನೆಗೆ. ಫೋಟೋದಲ್ಲಿ ಕುಂಕುಮ ಕಪ್ಪಾಗಿ ಬಿದ್ದಿರುತ್ತಿತ್ತು, ತಿಳಿಬಣ್ಣ ಕಪ್ಪಿನ ಮೇಲೆ ಕಾಣದು. ಹಾಗಾಗಿ ಕುಂಕುಮಕ್ಕೊಂದೇ ಗಟ್ಟಿ ಕೆಂಪು ಬಣ್ಣವನ್ನು ಕುಂಚದ ಮೊನೆಯಲ್ಲಿ ತೆಗೆದು, ಉಸಿರು ಬಿಗಿಹಿಡಿದು ಇಡುವರು.

ಈ ವಿದ್ಯೆಗೆ ಫೋಟೋಗ್ರಫಿಯಷ್ಟೇ ವಯಸ್ಸು. ಬೆಳ್ಳಿ ಲೇಪದ ತಗಡಿನ ಮೇಲೆ ಚಿತ್ರ ಮೂಡಿಸುವ ಡಾಗೆರೋಟೈಪ್ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಒಂದೆರಡು ವರ್ಷದಲ್ಲೇ ಸ್ವಿಟ್ಜರ್ಲೆಂಡಿನ ಯೋಹಾನ್ ಇಸೆನ್‌ರಿಂಗ್ ಅಂಟು ಬೆರೆಸಿದ ಬಣ್ಣದ ಪುಡಿಯನ್ನು ಆ ತಗಡಿನ ಮೇಲೆ ಉದುರಿಸಿ, ಕಾವು ಕೊಟ್ಟು ಕೂರಿಸಿದ. ಜಪಾನಿನ ಯೋಕೊಹಾಮಾದಲ್ಲಿ 1860ರ ದಶಕದಲ್ಲಿ ಫೆಲಿಸ್ ಬೆಯಾಟೊ ಅಲ್ಲಿನ ಕಲಾವಿದರಿಂದ ಫೋಟೋಗಳಿಗೆ ಬಣ್ಣ ಹಾಕಿಸಿ ಮಾರಿದ. ನಮ್ಮ ಮಗ್ಗುಲಲ್ಲೇ, ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ಸಾಗುವ ಜಂಬೂಸವಾರಿಯ ಚಿತ್ರಗಳನ್ನು ಬರೆದದ್ದೂ ಫೋಟೋಗಳನ್ನು ಎದುರಿಗಿಟ್ಟುಕೊಂಡೇ. ಜನರ ಮುಖಚರ್ಯೆಯನ್ನು ಕ್ಯಾಮೆರಾ ಕೊಟ್ಟಿತು, ಪೇಟದ ಜರಿಯ ಬಣ್ಣವನ್ನು ಕಂಡವರು ಕೊಟ್ಟರು.

ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯದೇ, ಕಂಡವರು ಹೇಳುವ ಬಣ್ಣ. ಹಳೆಯ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಹಣೆಯ ಕುಂಕುಮ ಕಪ್ಪಾಗುತ್ತಿತ್ತು, ಕೆಂಪು ಧಾರೆಸೀರೆ ಇದ್ದಿಲಿನಂತೆ ಬೀಳುತ್ತಿತ್ತು, ನೀಲಿ ಹೆಚ್ಚುಕಡಿಮೆ ಬಿಳಿಯಾಗುತ್ತಿತ್ತು. ಫೋಟೋವನ್ನು ಎಷ್ಟು ದಿಟ್ಟಿಸಿದರೂ ಬಣ್ಣ ಕಾಣುವಂತಿರಲಿಲ್ಲ, ಕೇಳಿಯೇ ತಿಳಿಯಬೇಕಿತ್ತು. ಮಂಡ್ಯದ ಆ ಕಲಾವಿದರು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: "ಸೀರೆ ಯಾವ ಬಣ್ಣ ಯಜಮಾನ್ರೇ?" ಉತ್ತರವೂ ಅಷ್ಟೇ ಖಚಿತ: ನವಿಲುಗತ್ತು, ಈರುಳ್ಳಿಸಿಪ್ಪೆ, ಕಾಫಿಪುಡಿ, "ಅಂಚು ಒಸಿ ಅಗ್ಲ ಕಣಪ್ಪ." ಅದನ್ನೆಲ್ಲ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವರು.

ಇಂಥ ಪಟಗಳನ್ನು ಸುಳ್ಳು ಎನ್ನುವವರಿದ್ದಾರೆ. ಇಲ್ಲದ ಸರ ಬರೆದರು, ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿದರು, ಬೇರೆಬೇರೆ ತೆಗೆಸಿಕೊಂಡ ಗಂಡಹೆಂಡಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರು. ಬಿಳಿ ಮಾಡಿದ್ದನ್ನು ನಾನೂ ಒಪ್ಪುವುದಿಲ್ಲ. ನಮ್ಮ ಹೊಲಗಳಲ್ಲಿ ದುಡಿದವರ ಮೈಬಣ್ಣವನ್ನು ಮುಚ್ಚಬಾರದಿತ್ತು. ಉಳಿದದ್ದರಲ್ಲಿ ನನಗೆ ಸುಳ್ಳು ಕಾಣುವುದಿಲ್ಲ. ಜೊತೆಯಾಗಿ ಫೋಟೋ ಹಿಡಿಸಿಕೊಳ್ಳುವ ಮೊದಲೇ ಹೆಂಡತಿಯನ್ನು ಕಳೆದುಕೊಂಡವನು ಆ ಬೆಂಚಿಗೆ ದುಡ್ಡು ಕೊಟ್ಟಿದ್ದಾನೆ.

ಕಲರ್ ಫಿಲ್ಮು ಬಂದಮೇಲೆ ಈ ಕಸುಬು ನಿಂತಿತು. ಆದರೆ ಮೊದಮೊದಲ ಕಲರ್ ಫೋಟೋಗಳು ಎಷ್ಟೋ ಮನೆಗಳಲ್ಲಿ ಕೆಂಪಡರಿ ಹೋಗಿವೆ. ಅವುಗಳ ಪಕ್ಕದಲ್ಲೇ ಎಣ್ಣೆಬಣ್ಣದ ಅಜ್ಜಿ ಹಾಗೇ ಇದ್ದಾಳೆ. ಈಗ ಮೊಬೈಲಿಗೆ ಹಳೆಯ ಫೋಟೋ ಕೊಟ್ಟರೆ ಗಳಿಗೆಯಲ್ಲಿ ಬಣ್ಣ ತುಂಬಿ ಕೊಡುತ್ತದೆ. ಚೆನ್ನಾಗಿಯೇ ಇರುತ್ತದೆ. ಅದು ಸಾವಿರಾರು ಬೇರೆ ಚಿತ್ರಗಳನ್ನು ನೋಡಿ ಊಹಿಸಿದ ಬಣ್ಣ, ಮನೆಯವರನ್ನು ಕೇಳಿದ್ದಲ್ಲ.

ನಮ್ಮ ಅಜ್ಜಿಯ ಪಟದಲ್ಲಿ ಸೀರೆ ಗಿಣಿಹಸಿರು. ಅವಳು ತೀರಿಕೊಂಡ ಮೇಲೆ ತಾತ ಫೋಟೋವನ್ನು ದೊಡ್ಡದು ಮಾಡಿಸಿ, ಬಣ್ಣ ಹೇಳಿ ಹಾಕಿಸಿದ್ದು. ಮಳವಳ್ಳಿಯ ಸೋದರತ್ತೆ ಮಾತ್ರ ಒಪ್ಪುವುದಿಲ್ಲ: "ಅದು ನೀಲಿ ಸೀರೆ ಕಣ್ಲಾ. ನಿಂಗೆ ಜೋಲಿ ಕಟ್ಟಿದ್ದೇ ಅದ್ರಲ್ಲಿ." ಕಳೆದ ದಸರೆಗೆ ಪಟಗಳನ್ನು ಇಳಿಸಿದಾಗ ಚೌಕಟ್ಟು ಬಿಚ್ಚಿ ನೋಡಿದೆ. ಮೌಂಟಿನ ಅಡಿಯಲ್ಲಿ, ಬಣ್ಣ ತಾಕದ ಬೆರಳಗಲ ಜಾಗದಲ್ಲಿ ಸೀರೆ ಬಹುಪಾಲು ಬೆಳ್ಳಗಿತ್ತು. ಹಳೆಯ ಪ್ಲೇಟಿನಲ್ಲಿ ನೀಲಿ ಬೀಳುವುದು ಹಾಗೆಯೇ, ಅತ್ತೆಯ ಮಾತು ಸರಿಯಿರಬೇಕು. ತಾತನ ನೆನಪಿನಲ್ಲಿ ಅವಳು ಬೇರೆ ಯಾವತ್ತೋ ಉಟ್ಟ ಹಸಿರು ಸೀರೆ ಇದ್ದಿರಬಹುದು. ಪಟದ ಹಿಂದೆ ಇಬ್ಬರು ಹೇಳಿದ್ದನ್ನೂ, ಹೇಳಿದವರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಹಸಿರು ಮಾತ್ರ ಹಾಗೇ ಇರಲಿ ಎಂದು ಅತ್ತೆಯೇ ಹೇಳಿದಳು.