ಬಾಡಿಗೆ ಬೋರ್ಡಿನ ಋತುಮಾನ

ಬೆಂಗಳೂರಿನಲ್ಲಿ ಋತುಮಾನ ತಿಳಿಯಲು ಪಂಚಾಂಗವೇ ಬೇಕಿಲ್ಲ, ಗೇಟಿಗೆ ತೂಗುವ 'ಟು-ಲೆಟ್' ಬೋರ್ಡು ಸಾಕು. ಏಪ್ರಿಲ್-ಮೇ ತಿಂಗಳಲ್ಲಿ, ಶಾಲೆ ತೆರೆಯುವ ಮುನ್ನ, ಬೆಳಿಗ್ಗೆ ಕಟ್ಟಿದ ಬೋರ್ಡು ಸಂಜೆಗೆ ಇಳಿಯುತ್ತದೆ. ಆಷಾಢದಲ್ಲಿ ಹಾಲುಕ್ಕಿಸುವವರು ಕಡಿಮೆ. ಪಾಪ, ಅದು ಮಳೆಯಲ್ಲಿ ನೆನೆಯುತ್ತದೆ. ಶ್ರಾವಣ ಬಂತೋ, ಅಪಾರ್ಟ್‌ಮೆಂಟುಗಳ ಮುಂದೆ ಮಾವಿನ ತೋರಣದ ಚಿತ್ರವಿರುವ ಬ್ಯಾನರು: 'ಹಬ್ಬಕ್ಕೆ ಹೊಸ ಮನೆ, ಎಲ್ಲರಿಗೂ ಸುಸ್ವಾಗತ.'

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಅಂಥದೊಂದನ್ನು ನಂಬಿ, 10 ತಿಂಗಳ ಅಡ್ವಾನ್ಸ್ ಹೊಂದಿಸಿಕೊಂಡು ಹೋದರು. ಅವರ ಹೆಸರು ಕೇಳಿದ್ದೇ ತಡ, ಮನೆ 'ನಿನ್ನೆಯೇ ಹೋಯಿತು'. ಬ್ಯಾನರು ಮಾತ್ರ ಗೌರಿಹಬ್ಬದವರೆಗೂ ಹಾರಾಡುತ್ತಿತ್ತು.

"ಮಿಸ್, ಎಲ್ಲರಿಗೂ ಅಂದ್ರೆ ಯಾರಿಗೆ?" ಎಂದಳು ಹುಡುಗಿ. ಇಷ್ಟು ವರ್ಷ ಕನ್ನಡ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ.