ಬಾವಿ ಯಾರ ಪಾಲಿಗೆ?

ಲಿನಕ್ಸ್ ಹಾಕಿಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಪೆನ್‌ಡ್ರೈವ್ ಚುಚ್ಚಿ, ಭಾಷೆ ಆರಿಸಿ, ಗಡಿಯಾರ ಹೊಂದಿಸಿದರೆ ಅರ್ಧ ಮುಗಿದಂತೆ. ಕೈ ತಡೆಯುವುದು ಒಂದೇ ಪರದೆಯಲ್ಲಿ: ಡಿಸ್ಕನ್ನು ಹೇಗೆ ಹಂಚಬೇಕು? ಎಲ್ಲವನ್ನೂ ಒಂದೇ ಕಡೆ ಇಡುವುದೋ, ವ್ಯವಸ್ಥೆಯನ್ನೂ ನಮ್ಮ ಕಡತಗಳನ್ನೂ ಬೇರೆ ಬೇರೆ ಇಡುವುದೋ? ಯಾವ ಫೈಲ್ ಸಿಸ್ಟಮ್? ಉಳಿದ ಪ್ರಶ್ನೆಗಳ ಉತ್ತರವನ್ನು ನಾಳೆ ಬದಲಿಸಬಹುದು. ಇದನ್ನು ಬದಲಿಸಬೇಕೆಂದರೆ ಬಹುಮಟ್ಟಿಗೆ ಮನೆಯನ್ನೇ ಖಾಲಿ ಮಾಡಬೇಕು.

ನನ್ನ ಲ್ಯಾಪ್‌ಟಾಪಿಗೆ ಎಂಟು ವರ್ಷ. ಬ್ಯಾಟರಿ ಹತ್ತು ನಿಮಿಷ ತಡೆಯುತ್ತದೆ. ಡಿಸ್ಕು 256 ಜಿಬಿಯದು. ಅದರಲ್ಲಿ ಸುಮಾರು ಕಾಲು ಭಾಗ ನನ್ನ ಪಿಎಚ್‌.ಡಿ.ಯ ಸಾಮಗ್ರಿ: ತಳಕಲ್, ಬನ್ನಿಕೊಪ್ಪ, ಇಟಗಿ, ಕುಕನೂರಿನ ಹಿರಿಯ ಹೆಣ್ಣುಮಕ್ಕಳು ಹೇಳಿದ ಬೀಸುಕಲ್ಲಿನ ಪದಗಳು, ಸೋಬಾನ ಪದಗಳು, ಒಟ್ಟು ಅರವತ್ತು ತಾಸಿನ ಧ್ವನಿಮುದ್ರಣ. ಸಂಕುಚಿಸದೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೊ ಮುದ್ರಿಸಿದರೆ ತಾಸಿಗೆ ಸುಮಾರು 1 ಜಿಬಿ ಹಿಡಿಯುತ್ತದೆ. ಸಾಹಿತ್ಯವನ್ನು ಬರೆದಿಟ್ಟುಕೊಂಡಿದ್ದೇನೆ, ನಿಜ. ಆದರೆ ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ಮರೆತು ನಕ್ಕರು ಎಂಬುದು ಧ್ವನಿಯಲ್ಲಿ ಮಾತ್ರ ಇದೆ. ಹಾಡಿದವರಲ್ಲಿ ಮೂವರು ಈಗಿಲ್ಲ.

ಪಡಸಾಲೆಯಲ್ಲಿ ಆ ಪರದೆ ತೆರೆದು ಕೂತಿದ್ದಾಗ ಅಪ್ಪ ಬಂದು ನಿಂತ. “ಏನ್ ಮಾಡಾಕತ್ತೀ?”

“ಡಿಸ್ಕಿಂದು ವಾಟ್ನಿ ಮಾಡಾಕತ್ತೀನಿ ಯಪ್ಪಾ.”

“ಇದ್ದದ್ದ ಅಂಗೈಯಷ್ಟು, ಅದಕ್ಕೂ ವಾಟ್ನಿನಾ? ಮಾಡೂದಾದ್ರ ಮೊದಲ ಬಾವಿ ಯಾರ ಪಾಲಿಗೆ ಅಂತ ನೋಡ್ಕೋ.”

ಪಾರ್ಟಿಷನ್ ಎಂಬುದಕ್ಕೆ ನಮ್ಮ ಕಡೆ ವಾಟ್ನಿಗಿಂತ ಒಳ್ಳೆಯ ಪದವಿಲ್ಲ. ಅಪ್ಪ, ಚಿಕ್ಕಪ್ಪ ಬೇರೆಯಾದಾಗ ಎರೆ ಹೊಲವನ್ನು ಒಡ್ಡು ಹಾಕಿ ಎರಡು ಮಾಡಿದರು. ಬಾವಿಯನ್ನು ಮಾತ್ರ ಇಬ್ಬರಿಗೂ ಸಾಮಾಯಿಕವೆಂದು ಬರೆದರು. ನೆಲ ಹಂಚಬಹುದು, ನೀರು ಹಂಚಿದರೆ ಒಬ್ಬನ ಬೆಳೆ ಒಣಗುತ್ತದೆ. ಡಿಸ್ಕಿನಲ್ಲಿ ಖಾಲಿ ಜಾಗವೇ ನೀರು.

ಡಿಸ್ಕಿನ ಹಂಚಿಕೆಯ ಚರಿತ್ರೆಯೂ ಇಕ್ಕಟ್ಟಿನಿಂದಲೇ ಶುರುವಾದದ್ದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದಾಗ ಡಿಸ್ಕುಗಳು ಒಂದೆರಡು ಎಂಬಿಯವು. ವ್ಯವಸ್ಥೆಯ ಕಡತಗಳು ಮೊದಲ ಡಿಸ್ಕಿನಲ್ಲಿ ಹಿಡಿಸದಾದಾಗ, ಬಳಕೆದಾರರ ಕಡತಗಳಿದ್ದ ಎರಡನೆಯ ಡಿಸ್ಕಿಗೆ, ‘ಯುಎಸ್‌ಆರ್’ ಎಂಬ ಫೋಲ್ಡರಿಗೆ ನುಗ್ಗಿದವು. ಬಳಕೆದಾರರು ಆಮೇಲೆ ‘ಹೋಮ್’ ಎಂಬ ಬೇರೆ ಮನೆಗೆ ಹೋದರು. ಹಳೆಯ ಮನೆಯ ಹೆಸರು ಇಂದಿಗೂ ಹಾಗೇ ಇದೆ, ಒಳಗಿರುವುದು ಮಾತ್ರ ವ್ಯವಸ್ಥೆ.

ಡೆಬಿಯನ್ ತೋರಿಸುವ ದಾರಿಗಳಲ್ಲಿ ಇವು ಸೇರಿವೆ: ಎಲ್ಲ ಒಂದರಲ್ಲೇ, ಹೋಮ್ ಬೇರೆ, ಹೋಮ್ ಜೊತೆಗೆ ವ್ಯವಸ್ಥೆಯ ಇನ್ನೂ ಕೆಲವು ಭಾಗಗಳೂ ಬೇರೆ. ಹೋಮ್ ಬೇರೆ ಇದ್ದರೆ ವ್ಯವಸ್ಥೆ ಕೆಟ್ಟಾಗ ಅದನ್ನು ಕೆಡವಿ ಹೊಸದು ಕಟ್ಟಬಹುದು, ನಮ್ಮ ಕಡತಗಳಿಗೆ ಕೈ ಹಚ್ಚಬೇಕಿಲ್ಲ. ಆದರೆ ಒಡ್ಡು ಎಲ್ಲಿ ಹಾಕಬೇಕೆಂದು ಮೊದಲ ದಿನವೇ ತಿಳಿದಿರಬೇಕು. ವ್ಯವಸ್ಥೆಗೆ 50 ಜಿಬಿ ಕೊಟ್ಟೆ ಎನ್ನಿ. ಅದರಲ್ಲಿ 20 ಖಾಲಿ ಬಿದ್ದಿರುವಾಗಲೇ ಹೋಮ್ ತುಂಬಿ ಹೊಸ ಧ್ವನಿಮುದ್ರಣಕ್ಕೆ ಜಾಗವಿಲ್ಲದಾಗಬಹುದು.

ಎರಡನೆಯ ಪ್ರಶ್ನೆ ಫೈಲ್ ಸಿಸ್ಟಮ್‌ನದು. ಬಹುಪಾಲು ಜನ ಬಳಸುವುದು 2008ರ ಡಿಸೆಂಬರಿನಲ್ಲಿ ಸ್ಥಿರಗೊಂಡ ಇಎಕ್ಸ್‌ಟಿ4. ಅದು ಅಂಗಡಿಯವನಂತೆ ಮೊದಲು ಕಿರ್ದಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಖಾತೆಗೆ ಏರಿಸುತ್ತದೆ. ನಡುವೆ ಕರೆಂಟ್ ಹೋದರೆ, ಬರೆಯುತ್ತಿದ್ದ ಕೊನೆಯ ಪ್ಯಾರಾ ಹೋದೀತು, ಯಾವ ಕಡತ ಎಲ್ಲಿದೆ ಎಂಬ ಲೆಕ್ಕ ಕೆಡುವುದಿಲ್ಲ. ಬಿಟಿಆರ್‌ಎಫ್‌ಎಸ್‌ನ ರೀತಿ ಬೇರೆ. ಅದು ಹಳೆಯದರ ಮೇಲೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು, ಆಮೇಲೆ ವಿಳಾಸ ಬದಲಿಸುತ್ತದೆ. ಪ್ರತಿ ತುಣುಕಿಗೂ ಒಂದು ತಾಳೆ ಸಂಖ್ಯೆ ಇಟ್ಟುಕೊಂಡಿರುತ್ತದೆ. ವರ್ಷಗಟ್ಟಲೆ ತೆರೆಯದ ಕಡತದಲ್ಲಿ ಸದ್ದಿಲ್ಲದೆ ಏನಾದರೂ ಕೆಟ್ಟಿದ್ದರೆ ಓದುವಾಗ ಹೇಳಿಬಿಡುತ್ತದೆ. ಜೊತೆಗೆ, ಅದರೊಳಗಿನ ಉಪವಿಭಾಗಗಳು ಹೆಸರಿನಲ್ಲಿ ಬೇರೆಯಾದರೂ ಖಾಲಿ ಜಾಗ ಎಲ್ಲಕ್ಕೂ ಒಂದೇ. ಅಪ್ಪ ಹೇಳಿದ ಬಾವಿ ಇಲ್ಲಿ ಸಾಮಾಯಿಕ.

ಫೆಡೋರಾ 2020ರ ಅಕ್ಟೋಬರಿನ 33ನೇ ಆವೃತ್ತಿಯಿಂದ ಡೆಸ್ಕ್‌ಟಾಪಿಗೆ ಇದನ್ನೇ ಕೊಡುತ್ತಿದೆ: ಬಿಟಿಆರ್‌ಎಫ್‌ಎಸ್, ಅದರೊಳಗೆ ರೂಟ್ ಒಂದು, ಹೋಮ್ ಒಂದು. ನಾನು ಅದನ್ನೇ ಒಪ್ಪಿದೆ. ವ್ಯವಸ್ಥೆಯನ್ನು ಎಲ್ಲಿಂದಲಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಆ ಮೂವರ ಧ್ವನಿ ಎಲ್ಲಿಂದಲೂ ಇಳಿಯುವುದಿಲ್ಲ. ಹಂಚಿಕೆ ಈ ವ್ಯತ್ಯಾಸವನ್ನು ಕಾಯ್ದರೆ ಸಾಕು ಎನ್ನಿಸಿತು.

ಹೊಸ ಮನೆಗೆ ಕಡತ ತುಂಬಿಸುವಾಗ ಕನ್ನಡದ್ದೇ ಒಂದು ತೊಡಕು ಎದುರಾಯಿತು. ಹಾಡಿದವರ ಹೆಸರು, ಊರು, ಪದದ ಮೊದಲ ಸಾಲು, ತಾರೀಖು ಎಲ್ಲ ಸೇರಿಸಿ ಕಡತಗಳಿಗೆ ಹೆಸರಿಟ್ಟಿದ್ದೆ. ಅವುಗಳಲ್ಲಿ ಕೆಲವು ‘ಹೆಸರು ತೀರಾ ಉದ್ದ’ ಎಂದು ಒಳಗೆ ಬರಲೊಲ್ಲವು. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ಮಿತಿ 255 ಸಂಕೇತ. ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಎರಡರಲ್ಲೂ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು; ಅಂದರೆ ನಮಗೆ ಸಿಗುವುದು 85. ‘ತಳಕಲ್’ ಎಂಬುದಕ್ಕೇ 15 ಬೈಟ್, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. ಇನ್ನೊಂದು ವಿಚಿತ್ರ: ಗೆಳೆಯನ ಕಂಪ್ಯೂಟರಿನಿಂದ ಬಂದ ಕಡತಗಳೂ ಸೇರಿ ‘ಕೊಪ್ಪಳ’ ಎಂಬ ಫೋಲ್ಡರು ಎರಡಾಗಿದ್ದವು, ಕಣ್ಣಿಗೆ ತದ್ರೂಪ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡನ್ನು ಜೋಡಿಸಿಯೂ ಬರೆಯಬಹುದು. ಓದುವವರಿಗೆ ಒಂದೇ ಊರು, ಬೈಟ್ ಎಣಿಸುವ ಫೈಲ್ ಸಿಸ್ಟಮ್‌ಗೆ ಎರಡು. ಈಗ ಕಡತಕ್ಕೆ ಬರೀ ಸಂಖ್ಯೆ. ವಿವರವೆಲ್ಲ ಒಂದು ಪಟ್ಟಿಯಲ್ಲಿ.

ಇಷ್ಟಾದರೂ ಒಡ್ಡು ಹೊಲವನ್ನು ಬರದಿಂದ ಕಾಯುವುದಿಲ್ಲ. ಡಿಸ್ಕೇ ಸತ್ತರೆ ರೂಟ್ ಹೋಮ್ ಎರಡೂ ಒಟ್ಟಿಗೆ ಹೋಗುತ್ತವೆ. ಇರುವುದು ಒಂದೇ ಪ್ರತಿಯಾದರೆ, ಕಡತ ಕೆಟ್ಟಿದೆ ಎಂದು ಬಿಟಿಆರ್‌ಎಫ್‌ಎಸ್ ಹೇಳೀತೇ ಹೊರತು ಸರಿಮಾಡಲಾರದು. ಅದಕ್ಕೇ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಕೊಪ್ಪಳದ ಅಕ್ಕನ ಮನೆಯಲ್ಲಿದೆ. ತಿಂಗಳಿಗೊಮ್ಮೆ ಹೋಗಿ ತಾಳೆ ನೋಡುತ್ತೇನೆ.

ಮೂರನೆಯ ಪ್ರತಿ ನಾನು ಯೋಜಿಸಿದ್ದಲ್ಲ. ತೀರಿಕೊಂಡ ಅಜ್ಜಿಯೊಬ್ಬರ ಮೊಮ್ಮಗಳು ಬಂದು, “ಅಕ್ಕಾರ, ನಮ್ಮ ಅಮ್ಮನ ಪದ ನನ್ನ ಮೊಬೈಲಿಗೆ ಹಾಕಿ ಕೊಡ್ರಿ” ಎಂದಳು. ಎಂಪಿ3 ಮಾಡಿ ಕೊಟ್ಟೆ. ಗುಣಮಟ್ಟ ಕಡಿಮೆ, ಪ್ರಬಂಧಕ್ಕೆ ಬರುವಂಥದ್ದಲ್ಲ. ಆದರೆ ಆ ಪದವನ್ನು ದಿನಾ ಕೇಳುವವರು ಈಗ ಒಬ್ಬರಿದ್ದಾರೆ. ಉಳಿದ ಮನೆಗಳಿಗೂ ಅವರವರ ಪದಗಳನ್ನು ಒಯ್ದು ಕೊಡಲು ಶುರುಮಾಡಿದ್ದೇನೆ.