ಪ್ರೋಕ್ಷಣೆ

ನೀರನ್ನು ಚಿಮುಕಿಸುವುದರಲ್ಲಿಯೂ ಒಂದು ಶಾಸ್ತ್ರವುಂಟೆಂದು ನನಗೆ ಮೊದಲು ತಿಳಿದದ್ದು ಪಾಠಶಾಲೆಯಲ್ಲಿ. ಅಂಗೈಯನ್ನು ಮೇಲ್ಮುಖವಾಗಿ ಹಿಡಿದು ಚಿಮುಕಿಸಿದರೆ ಪ್ರೋಕ್ಷಣ. ಕೆಳಮುಖವಾಗಿ ಹಿಡಿದರೆ ಅಭ್ಯುಕ್ಷಣ. ಅಡ್ಡವಾಗಿ ಹಿಡಿದರೆ ಅವೋಕ್ಷಣ. ಹತ್ತು ಹನ್ನೆರಡು ವರ್ಷದ ಹುಡುಗರಾದ ನಮಗೆ ಈ ಭೇದವು ವಿನೋದವಾಗಿ ತೋರುತ್ತಿತ್ತು. ನೀರು ಅದೇ, ಕೈ ಅದೇ, ನೆನೆಯತಕ್ಕ ದರ್ಭೆಯೂ ಅದೇ. ಅಂಗೈ ಎತ್ತ ತಿರುಗಿದರೇನು ಎಂದು ನಮ್ಮಲ್ಲೊಬ್ಬನು ಕೇಳಿಯೂ ಬಿಟ್ಟನು. ಗುರುಗಳು ಸಿಟ್ಟಾಗಲಿಲ್ಲ. “ಹನಿ ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು ಎಂಬುದು ಕೈಗೆ ಮೊದಲೇ ಗೊತ್ತಿರಬೇಕಪ್ಪಾ, ನೀರಿಗೆ ಅದು ಗೊತ್ತಾಗುವುದಿಲ್ಲ” ಎಂದರು.

ಎರಡನೆಯ ಪಾಠವಾದದ್ದು ನಮ್ಮ ಮನೆಯ ಅಡಕೆಯ ತೋಟದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಕೊಳೆರೋಗವೆಂದರೆ ತೋಟದವರಿಗೆ ಎಷ್ಟು ಭಯವೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಕೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ಮರೆಮಾಡುವುದು ಹಿಂದಿನವರ ಉಪಾಯ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿಯ ತೋಟಗಳಿಗಾಗಿ ಮಿಲ್ಲಾರ್ಡೆ ಎಂಬ ಪಂಡಿತರು 1885ರಲ್ಲಿ ಪ್ರಕಟಪಡಿಸಿದ ಮೈಲುತುತ್ತ ಮತ್ತು ಸುಣ್ಣಗಳ ದ್ರಾವಣವನ್ನು ನಮ್ಮ ಅಡಕೆಗೂ ಹೊಡೆಯಬಹುದೆಂದು ತೋರಿಸಿಕೊಟ್ಟವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು. ಕೊಳೆರೋಗವನ್ನು ಕುರಿತ ಅವರ ಗ್ರಂಥವು ಹೊರಬಂದದ್ದು 1910ರಲ್ಲಿ. ನನ್ನ ತಂದೆಯವರು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕವನ್ನು ಮಂತ್ರದಂತೆ ಪಾಲಿಸುತ್ತಿದ್ದರು. ಕಲಸಿದ ಮೇಲೆ ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ನೋಡುವರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಒಂದು ದಿನ ಮೋಡ ಕವಿದು ಬರುತ್ತಿತ್ತು, ಕೊನೆಗಾರನು ಅವಸರಪಡಿಸುತ್ತಿದ್ದನು. “ನಿನ್ನೆಯ ಲೆಕ್ಕವೇ ಅಲ್ಲವೆ, ಚೂರಿ ಯಾಕೆ?” ಎಂದು ನಾನೂ ಕೇಳಿದೆನು. “ಲೆಕ್ಕ ನಿನ್ನೆಯದು; ಸುಣ್ಣ ಇವತ್ತಿನದು” ಎಂದು ಹೇಳಿ ತಂದೆಯವರು ಚೂರಿಯನ್ನು ಅದ್ದಿಯೇ ಅದ್ದಿದರು.

ಈ ಎರಡು ಪಾಠಗಳೂ ಮರೆತಂತಾಗಿದ್ದ ಕಾಲದಲ್ಲಿ ನನಗೆ ರಕ್ತದೊತ್ತಡದ ಮಾತ್ರೆ ಪ್ರಾಪ್ತವಾಯಿತು. ಪ್ರತಿದಿನ ಪ್ರಾತಃಕಾಲದಲ್ಲಿ ಒಂದು, ನಸುಗೆಂಪು ಬಣ್ಣದ್ದು, ನಾಲಗೆಗೆ ಕಹಿಯಿಲ್ಲ. ನನ್ನ ಶಿಷ್ಯನೊಬ್ಬನು ಔಷಧದ ಕಾರ್ಖಾನೆಯೊಂದರಲ್ಲಿ ಇಂಥ ಮಾತ್ರೆಗಳಿಗೆ ಮೇಲುಪದರ ಕೊಡುವ ಯಂತ್ರವನ್ನು ನಡೆಸುವವನು. ಒಮ್ಮೆ ಮೇಲಧಿಕಾರಿಗಳ ಅನುಮತಿಯನ್ನು ಪಡೆದು ನನ್ನನ್ನು ಕರೆದುಕೊಂಡು ಹೋದನು. ತಲೆಗೆ ಟೊಪ್ಪಿಗೆ, ಮೈಗೆ ನಿಲುವಂಗಿ, ಪಾದಕ್ಕೆ ಚೀಲ ಇವುಗಳನ್ನು ತೊಡಿಸಿ ಗಾಜಿನ ಗೋಡೆಯ ಈಚೆ ನಿಲ್ಲಿಸಿದರು. ಮಡಿಯಲ್ಲಿ ನಮ್ಮ ಅಜ್ಜಿಯನ್ನು ಮೀರಿಸಿದ ಸ್ಥಳವನ್ನು ನಾನು ಕಂಡದ್ದು ಅದೊಂದೇ.

ಗಾಜಿನ ಆಚೆ ಮೈಯೆಲ್ಲ ತೂತುಗಳುಳ್ಳ ಉಕ್ಕಿನ ದೊಡ್ಡದೊಂದು ಹಂಡೆ ಮಗ್ಗುಲಾಗಿ ಮಲಗಿ ಮೆಲ್ಲಗೆ ಸುತ್ತುತ್ತಿತ್ತು. ಅದರಲ್ಲಿ 120 ಕಿಲೋ ಮಾತ್ರೆ, ಎಂದರೆ ಸುಮಾರು ನಾಲ್ಕು ಲಕ್ಷ, ಅಲೆಯಲೆಯಾಗಿ ಮೇಲೆದ್ದು ಕೆಳಗೆ ಉರುಳುತ್ತಿದ್ದುವು. ಅವುಗಳ ಮೇಲೆ ಬಣ್ಣದ ದ್ರವವನ್ನು ಮಂಜಿನಂತೆ ಸಿಂಪಡಿಸುವ ಕೊಳವೆಗಳ ಸಾಲು. ಸಕ್ಕರೆಯ ಪದರವನ್ನು ಬಿಟ್ಟು ಈ ತೆಳುಪದರದ ಮಾತ್ರೆಯನ್ನು ಮೊದಲು ಮಾರಾಟಕ್ಕೆ ತಂದವರು ಅಮೆರಿಕದ ಆಬಟ್ ಕಂಪನಿಯವರು, 1954ರಲ್ಲಿ. ಮರದ ನಾರಿನಿಂದಲೊ ಹತ್ತಿಯಿಂದಲೊ ತಯಾರಾಗುವ ಒಂದು ಬಗೆಯ ಅಂಟೇ ಈ ಪದರದ ಮುಖ್ಯ ದ್ರವ್ಯ. ಪ್ರತಿಯೊಂದು ಮಾತ್ರೆಯ ತೂಕ ನೂರಕ್ಕೆ ಮೂರರಷ್ಟು ಹೆಚ್ಚಿದರೆ ಕೆಲಸ ಮುಗಿಯಿತು. ಅಷ್ಟಕ್ಕಾಗಿ ಆ ದಿನ 24 ಕಿಲೋ ದ್ರವವನ್ನು ನಿಮಿಷಕ್ಕೆ 200 ಗ್ರಾಮಿನಂತೆ ಎರಡು ಗಂಟೆಗಳ ಕಾಲ ಎರಚಬೇಕಾಗಿತ್ತು.

ಎರಚುವುದೆಂದರೆ ಬರಿಯ ಎರಚುವುದಲ್ಲ. ಕೊಳವೆಗೆ ಮೂರು ವಿಧದ ಗಾಳಿ ಬರುತ್ತದೆ. ಒಂದು ಗಾಳಿಯು ಮುಳ್ಳನ್ನು ಹಿಂದಕ್ಕೆಳೆದು ಬಾಯಿ ತೆರೆಯುತ್ತದೆ. ಇನ್ನೊಂದು ದ್ರವವನ್ನು ಸೀಳಿ ಹನಿಮಾಡುತ್ತದೆ. ಮೂರನೆಯದು ಆ ಹನಿಗಳನ್ನು ಬೀಸಣಿಗೆಯಂತೆ ಹರಡುತ್ತದೆ. ಇತ್ತ ಬಿಸಿಗಾಳಿಯು ಹಂಡೆಯೊಳಗೆ ನುಗ್ಗಿ ತೇವವನ್ನು ಹೀರಿಕೊಂಡು ತೂತುಗಳ ಮೂಲಕ ಹೊರಡುತ್ತದೆ. ಹನಿ ಹೆಚ್ಚಾಗಿ ಶಾಖ ಕಡಿಮೆಯಾದರೆ ಮಾತ್ರೆಗಳು ಒಂದಕ್ಕೊಂದು ಅಂಟಿ ಅವಳಿಗಳಾಗುತ್ತವೆ. ಶಾಖ ಹೆಚ್ಚಾಗಿ ಹನಿ ಕಡಿಮೆಯಾದರೆ ದ್ರವವು ದಾರಿಯಲ್ಲಿಯೇ ಒಣಗಿ ಧೂಳಾಗುತ್ತದೆ, ಇಲ್ಲವೆ ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ. ಈ ಎರಡು ಅನರ್ಥಗಳ ನಡುವಣ ಕಿರುದಾರಿಯಲ್ಲಿ ಎರಡು ಗಂಟೆ ನಡೆಯಬೇಕು.

ನಡೆಸುವುದು ಪಿ.ಎಲ್.ಸಿ. ಎಂಬ ಸಣ್ಣ ಪೆಟ್ಟಿಗೆ. ಪುರೋಹಿತರು ಒಂದೊಂದು ಕರ್ಮಕ್ಕೂ ಒಂದೊಂದು ಪ್ರಯೋಗದ ಪುಸ್ತಕವನ್ನಿಟ್ಟುಕೊಂಡಿರುವಂತೆ, ಒಂದೊಂದು ಮಾತ್ರೆಗೂ ಒಂದೊಂದು ವಿಧಿಯನ್ನು ಅದರಲ್ಲಿ ಬರೆದಿಟ್ಟಿರುತ್ತಾರೆ: ಹಂಡೆಯ ವೇಗವೆಷ್ಟು, ಗಾಳಿಯ ಒತ್ತಡವೆಷ್ಟು, ಮಾತ್ರೆಗಳ ಶಾಖವೆಷ್ಟು, ಪಂಪಿನ ಹರಿವೆಷ್ಟು. ಅಧಿಕಾರಿಭೇದವೂ ಉಂಟು. ನಡೆಸುವವನು ನೋಡಬಹುದು, ಆರಂಭಿಸಬಹುದು, ನಿಲ್ಲಿಸಬಹುದು. ವಿಧಿಯನ್ನು ತಿದ್ದುವ ಅಧಿಕಾರ ಮೇಲಿನವನದು. ಹಂಡೆ ನಿಂತರೆ, ಹನಿಮಾಡುವ ಗಾಳಿಯ ಒತ್ತಡ ಇಳಿದರೆ, ವಿಧಿಯು ಏನನ್ನೇ ಹೇಳಲಿ, ಸಿಂಪರಣೆಯು ತಾನಾಗಿಯೇ ನಿಲ್ಲುತ್ತದೆ. ಉತ್ಸರ್ಗವನ್ನು ಅಪವಾದವು ಬಾಧಿಸತಕ್ಕದ್ದೆಂಬ ನಮ್ಮ ವ್ಯಾಕರಣದ ನ್ಯಾಯವನ್ನು ಕಬ್ಬಿಣದ ಹಂಡೆಯೊಂದು ಪಾಲಿಸುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಶಾಖವನ್ನು ಹಿಡಿದಿಡುವ ಕ್ರಮವನ್ನು ಶಿಷ್ಯನು ವಿವರಿಸಿದನು. ಪಿ.ಐ.ಡಿ. ಎಂದು ಅದರ ಹೆಸರು. ಈಗ ಎಷ್ಟು ತಪ್ಪಿದೆ, ಇದುವರೆಗೆ ಎಷ್ಟು ತಪ್ಪು ಕೂಡಿದೆ, ತಪ್ಪು ಯಾವ ವೇಗದಲ್ಲಿ ಬೆಳೆಯುತ್ತಿದೆ ಎಂಬ ಮೂರನ್ನೂ ಕೂಡಿಸಿ ಯಂತ್ರವು ಬಿಸಿಯನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ. ವರ್ತಮಾನ, ಭೂತ, ಭವಿಷ್ಯತ್ತುಗಳೆಂಬ ತ್ರಿಕಾಲದ ಜ್ಞಾನವೆನ್ನಬಹುದು. ಇದನ್ನು ಗಣಿತದಲ್ಲಿ ಮೊದಲು ನಿರೂಪಿಸಿದ ಮಿನೋರ್ಸ್ಕಿ ಎಂಬವರು 1922ರಲ್ಲಿ ಹಡಗಿನ ಚುಕ್ಕಾಣಿಯ ವಿಚಾರವಾಗಿ ಬರೆದರು. ನಿಪುಣನಾದ ಅಂಬಿಗನು ಹೇಗೆ ಹಡಗನ್ನು ತಿರುಗಿಸುತ್ತಾನೆಂಬುದೇ ಅವರಿಗೆ ದಾರಿದೀಪವಾಯಿತಂತೆ.

ಇನ್ನೊಂದು ಸಂಗತಿಯನ್ನು ಹೇಳಿದರೆ ಯಂತ್ರದ ವರ್ಣನೆ ಮುಗಿಯುತ್ತದೆ. ಯಾರು ಯಾವ ಅಂಕಿಯನ್ನು ಮುಟ್ಟಿದರೂ ಅದು ದಾಖಲಾಗುತ್ತದೆ: ಹೆಸರು, ದಿನ, ಗಳಿಗೆ, ಹಳೆಯ ಅಂಕಿ, ಹೊಸ ಅಂಕಿ. ಹಳೆಯದನ್ನು ಅಳಿಸುವಂತಿಲ್ಲ, ಹೊಸದು ಅದರ ಪಕ್ಕದಲ್ಲಿ ಕೂರಬೇಕು. ಅಮೆರಿಕದವರು 1997ರಲ್ಲಿ ವಿದ್ಯುನ್ಮಾನದ ದಾಖಲೆಗಳಿಗೆ ಮಾಡಿದ ಕಟ್ಟಳೆಯಲ್ಲಿ ಈ ನಿಯಮವಿದೆ. ಅಲ್ಲಿಗೆ ಔಷಧ ಕಳುಹಿಸುವ ನಮ್ಮ ಕಾರ್ಖಾನೆಗಳೂ ಅದಕ್ಕೆ ಒಳಪಟ್ಟವು. “ಇಷ್ಟೆಲ್ಲ ಇದ್ದ ಮೇಲೆ ಸುಳ್ಳಿಗೆ ಎಡೆಯೆಲ್ಲಿ?” ಎಂದೆನು. ಶಿಷ್ಯನು ನಕ್ಕನು.

ಎಡೆಯಿತ್ತು. ಆ ಭೇಟಿಯಾದ ಕೆಲವು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ, ರಾತ್ರಿಯ ಪಾಳಿ ಮುಗಿಸಿಕೊಂಡವನು ಮನೆಗೆ ಹೋಗದೆ ನೇರವಾಗಿ ನಮ್ಮ ಜಗಲಿಗೆ ಬಂದು ಕುಳಿತನು. ಕಾಫಿಯನ್ನು ಮುಟ್ಟಲಿಲ್ಲ.

“ಮೇಷ್ಟ್ರೇ, ಒಂದು ಹಂಡೆ ಮಾತ್ರೆ ಕೆಟ್ಟುಹೋಯಿತು” ಎಂದನು.

ನಡೆದದ್ದು ಹೀಗೆ. ಪಂಪಿನೊಳಗೆ ಮೆತ್ತನೆಯ ನಳಿಕೆಯೊಂದಿರುತ್ತದೆ. ಉರುಳೆಗಳು ಅದನ್ನು ಹಿಂಡಿ ದ್ರವವನ್ನು ಮುಂದೆ ತಳ್ಳುತ್ತವೆ. ಹರಿವನ್ನು ಆ ಯಂತ್ರವು ಅಳೆಯುವುದಿಲ್ಲ. ನಳಿಕೆಯ ಒಳವ್ಯಾಸ ಇಷ್ಟೆಂದು ಬರೆದಿಟ್ಟರೆ, ಉರುಳೆಯ ಸುತ್ತುಗಳನ್ನು ಎಣಿಸಿ ಹರಿವು ಇಷ್ಟೆಂದು ಲೆಕ್ಕಮಾಡಿ ತೋರಿಸುತ್ತದೆ. ಆ ರಾತ್ರಿ ನಳಿಕೆ ಸವೆದಿತ್ತು. ಉಗ್ರಾಣದಿಂದ ಬಂದ ಹೊಸ ನಳಿಕೆ 4.8 ಮಿಲಿಮೀಟರಿನದಲ್ಲ, 6.4ರದು. ಕಣ್ಣಿಗೆ ಹೆಚ್ಚು ಭೇದ ಕಾಣದು. ಆದರೆ ಹರಿವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಒಂದು ಪಾಲು ಬೀಳಬೇಕಾದಲ್ಲಿ ಒಂದೂಮುಕ್ಕಾಲು ಪಾಲು ಬೀಳತೊಡಗಿತು. ಪರದೆಯ ಮೇಲೆ ಮಾತ್ರ 200 ಗ್ರಾಮು ಎಂದೇ ಇತ್ತು. ತೇವ ಹೆಚ್ಚಾಗಿ ಮಾತ್ರೆಗಳು ತಣ್ಣಗಾಗಬೇಕಾಗಿತ್ತು. ಆದರೆ ಆ ತ್ರಿಕಾಲಜ್ಞಾನಿಯು ಒಳಗಾಳಿಯ ಬಿಸಿಯನ್ನು 60 ಡಿಗ್ರಿಯಿಂದ 70ರ ಸಮೀಪಕ್ಕೆ ಏರಿಸಿ ಮಾತ್ರೆಗಳ ಶಾಖವನ್ನು ವಿಧಿಯಲ್ಲಿ ಹೇಳಿದಷ್ಟೇ ಇರಿಸಿತು. ಎಂದರೆ, ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿ ರೋಗದ ಲಕ್ಷಣವನ್ನೇ ಮರೆಮಾಡಿತು. ಹಂಡೆಯೊಳಗಿನ ಸದ್ದು ಮಂದವಾದದ್ದನ್ನು ಕೇಳಿ ಶಿಷ್ಯನು ಯಂತ್ರವನ್ನು ನಿಲ್ಲಿಸಿ ನೋಡುವಷ್ಟರಲ್ಲಿ ಸಾವಿರಾರು ಮಾತ್ರೆಗಳು ಜೋಡಿಜೋಡಿಯಾಗಿ ಅಂಟಿಕೊಂಡಿದ್ದುವು.

“ನಳಿಕೆ ಬದಲಾಯಿಸಿದ ಮೇಲೆ ಒಂದು ನಿಮಿಷದ ದ್ರವವನ್ನು ಪಾತ್ರೆಗೆ ಹಿಡಿದು ತೂಗಬೇಕು ಮೇಷ್ಟ್ರೇ. ಹೊತ್ತಾಗಿತ್ತು. ತೂಗಲಿಲ್ಲ. ಕಾಗದದಲ್ಲಿ 200 ಎಂದು ಬರೆದು ರುಜು ಮಾಡಿದೆ. ಯಂತ್ರ ಕೇಳಿತು, ನೋಡಿದ್ದಾಯಿತೆ ಎಂದು. ಆಯಿತು ಎಂದು ಒತ್ತಿದೆ.”

“ಯಾರಿಗಾದರೂ ಗೊತ್ತೆ?”

“ಇಲ್ಲ. ತೂಕ ಸರಿಯಾಗಿಯೇ ಇತ್ತು, ಆಮೇಲೆ ಯಾರೋ ನಳಿಕೆ ಬದಲಾಯಿಸಿದ್ದಾರೆ ಎಂದು ಎಲ್ಲರೂ ತಿಳಿದಿದ್ದಾರೆ. ಉಗ್ರಾಣದಿಂದ ನಳಿಕೆ ತಂದವನು ಗುತ್ತಿಗೆಯ ಹುಡುಗ. ನಾಳೆ ಅವನನ್ನು ವಿಚಾರಿಸುತ್ತಾರೆ. ಅವನಿಗೆ ಮದುವೆಯಾಗಿ ಇನ್ನೂ ವರ್ಷವಾಗಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇನು ಮಾಡಲಿ, ಹೇಳಿ” ಎಂದನು.

ಸತ್ಯವನ್ನು ಹೇಳೆಂದು ಉಪದೇಶಿಸುವುದು ಮೇಷ್ಟರಿಗೆ ಸುಲಭ. ನಾಲಗೆಯ ತುದಿಗೆ ಶ್ಲೋಕಗಳೂ ಬಂದುವು. ಆದರೆ ಹೇಳಲು ಬಾಯಿ ಬರಲಿಲ್ಲ. 1989ರ ಬೇಸಿಗೆ ನೆನಪಾಯಿತು.

ಆ ವರ್ಷ ಒಂಬತ್ತನೆಯ ತರಗತಿಯ ಸಂಸ್ಕೃತದ ಉತ್ತರಪತ್ರಿಕೆಗಳನ್ನು ಕೂಡಿಸಿ ನೋಡಿ ‘ಪರಿಶೀಲಿಸಿದೆ’ ಎಂದು ರುಜು ಹಾಕುವ ಕೆಲಸ ನನ್ನದಾಗಿತ್ತು. ಪಟ್ಟಿಯನ್ನು ಅಂದೇ ಕೊಡಬೇಕಾಗಿತ್ತು. ಕೊನೆಯ ಕಟ್ಟನ್ನು ಬಿಚ್ಚಿ ನೋಡದೆಯೇ ರುಜು ಹಾಕಿದೆನು. ಅದರಲ್ಲಿದ್ದ ಹುಡುಗನೊಬ್ಬನು ಎಂಟು ಅಂಕಗಳಿಂದ ಅನುತ್ತೀರ್ಣನಾದನು. ತಂದೆಯು ಇನ್ನೊಂದು ವರ್ಷ ಓದಿಸಲಾರೆನೆಂದು ಅವನನ್ನು ಅಂಗಡಿಯ ಕೆಲಸಕ್ಕೆ ಸೇರಿಸಿದನು. ಮೂರು ತಿಂಗಳ ಮೇಲೆ ಬೀರುವಿನ ಮೂಲೆಯಲ್ಲಿ ಆ ಹುಡುಗನ ಹೆಚ್ಚುವರಿ ಹಾಳೆಯೊಂದು ದೊರೆಯಿತು. ದಾರ ಸಡಿಲಿ ಜಾರಿಹೋಗಿತ್ತು. ಅದರಲ್ಲಿ ಹನ್ನೊಂದು ಅಂಕಗಳಿದ್ದುವು. ನನಗೆ ಹೊಸದಾಗಿ ಕೆಲಸ ಕಾಯಂ ಆಗಿತ್ತು. ಹಾಳೆಯನ್ನು ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದೆನು. ಯಾರೂ ಕೇಳಲಿಲ್ಲ. ಆಮೇಲೆ ಎಷ್ಟೋ ವರ್ಷ ಪ್ರಾಮಾಣಿಕತೆಯನ್ನು ಕುರಿತು ಪಾಠ ಹೇಳಿದೆನು.

ಇದನ್ನು ನನ್ನ ಹೆಂಡತಿಗೂ ನಾನು ಹೇಳಿದವನಲ್ಲ. ಆ ದಿನ ಜಗಲಿಯ ಮೇಲೆ ಶಿಷ್ಯನಿಗೆ ಹೇಳಿದೆನು. ಉಪದೇಶವಾಗಿ ಅಲ್ಲ, ಹೇಳದೆ ಇರಲಾರದೆ. ಅವನು ತಲೆಯೆತ್ತದೆ ಕೇಳಿದನು. ಏನನ್ನೂ ಅನ್ನಲಿಲ್ಲ. ಆರಿದ ಕಾಫಿಯನ್ನು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಹೊರಟುಹೋದನು.

ಮರುದಿನ ಬೆಳಿಗ್ಗೆ ವಿಚಾರಣೆಗೆ ಮುಂಚೆಯೇ ತೂಗಲಿಲ್ಲವೆಂದು ಬರೆದುಕೊಟ್ಟನಂತೆ. ಆ ಹಂಡೆಯ ಮಾತ್ರೆಗಳೆಲ್ಲವನ್ನೂ ನಾಶಮಾಡಿದರು. ಅವನನ್ನು ಆರು ತಿಂಗಳು ಯಂತ್ರದಿಂದ ದೂರವಿಟ್ಟರು. ಆ ವರ್ಷದ ಬಡ್ತಿಯೂ ಹೋಯಿತು. ಗುತ್ತಿಗೆಯ ಹುಡುಗನನ್ನು ಯಾರೂ ಮುಟ್ಟಲಿಲ್ಲ. ಇಷ್ಟರ ಮೇಲೆ ವಿಚಾರಕರಲ್ಲಿ ವಿವೇಕಿಗಳಿದ್ದರೆಂದು ಕಾಣುತ್ತದೆ. ಕೇವಲ ‘ಆಯಿತು’ ಎಂಬ ಗುಂಡಿಯನ್ನು ನಂಬಿದ್ದು ತಮ್ಮ ತಪ್ಪೆಂದೂ ಅವರು ಒಪ್ಪಿ ವಿಧಿಯನ್ನು ತಿದ್ದಿದರು. ಈಗ ನಳಿಕೆ ಬದಲಾದ ಮೇಲೆ ತಕ್ಕಡಿಯೇ ತೂಕವನ್ನು ಯಂತ್ರಕ್ಕೆ ತಿಳಿಸುತ್ತದೆ. ಅದು ವಿಧಿಗೆ ಹೊಂದದಿದ್ದರೆ ಕೊಳವೆಯ ಬಾಯಿ ತೆರೆಯುವುದಿಲ್ಲ. ನಮ್ಮ ತಂದೆಯವರ ಚೂರಿಯನ್ನು ಅವರು ಯಂತ್ರದೊಳಗೆ ಇಟ್ಟಂತಾಯಿತೆಂದು ನಾನು ಅಂದುಕೊಂಡೆನು.

ಅದಾದ ವಾರವೇ ನಾನು ಬಸ್ಸು ಹತ್ತಿ ಆ ಹಳೆಯ ಹುಡುಗನನ್ನು ಹುಡುಕಿಕೊಂಡು ಹೋದೆನು. ಅವನಿಗೀಗ ತಲೆ ನರೆತಿದೆ. ಪೇಟೆಯಲ್ಲಿ ಸ್ವಂತ ಅಂಗಡಿಯಿದೆ. ಎದ್ದು ನಿಂತು ಮೇಷ್ಟ್ರು ಬಂದರೆಂದು ಸಂಭ್ರಮದಿಂದ ಕುರ್ಚಿ ಹಾಕಿದನು. ನಾನು ಎಲ್ಲವನ್ನೂ ಹೇಳಿದೆನು. ಅವನು ಬಹಳ ಹೊತ್ತು ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತಿದ್ದನು. ಕೊನೆಗೆ, “ಅದೆಲ್ಲ ನನಗೆ ನೆನಪೇ ಇಲ್ಲ ಮೇಷ್ಟ್ರೇ” ಎಂದನು. ನೆನಪಿಲ್ಲದೆ ಅಂದನೋ, ನನ್ನ ಮೇಲಿನ ಕರುಣೆಯಿಂದ ಅಂದನೋ ನಾನರಿಯೆ. ಹೊರಡುವಾಗ ಒಂದು ಪೊಟ್ಟಣ ಕಲ್ಲುಸಕ್ಕರೆಯನ್ನು ಕೈಯಲ್ಲಿಟ್ಟನು, ದುಡ್ಡನ್ನು ತೆಗೆದುಕೊಳ್ಳಲಿಲ್ಲ.

ಮನಸ್ಸು ಹಗುರವಾಯಿತೆಂದು ಬರೆದರೆ ಅದೂ ಇನ್ನೊಂದು ಸುಳ್ಳು ರುಜುವಾದೀತು. ಹಳೆಯ ಅಂಕಿ ಅಳಿಯಲಿಲ್ಲ. ಹೊಸದೊಂದು ಅದರ ಪಕ್ಕದಲ್ಲಿ ಕುಳಿತಿತು, ಅಷ್ಟೆ. ದಿನವೂ ಬೆಳಿಗ್ಗೆ ಸಂಧ್ಯಾವಂದನೆಯನ್ನು ಮುಗಿಸಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡಾಗ, ನುಂಗುವುದಕ್ಕೆ ಮುಂಚೆ ಅದರ ನಸುಗೆಂಪು ಪದರವನ್ನು ಒಂದು ಕ್ಷಣ ನೋಡುವುದು ಈಚೆಗೆ ನನಗೆ ಅಭ್ಯಾಸವಾಗಿದೆ.